ಆಫ್ರಿಕಾದ ಮುಡಿಪು

ಊಟಕ್ಕೆ ಕೂತಾಗ ಯಾವ ಮಾತು ಆಡಬಾರದು ಅನ್ನುವುದನ್ನು ಮ್ಯಾಟ್ರಿಕ್ ಪಾಸಾದವರಿಗೆ ಯಾರೂ ಕಲಿಸುವುದಿಲ್ಲ. ಕಲಿಸಿದ್ದರೆ ಗೋಕಾಕದ ವಿಮಾ ಏಜಂಟ ಅಣ್ಣಾಸಾಹೇಬ ಆ ದಿನ ಕೊಣ್ಣೂರಿನ ಲಗಮಣ್ಣನ ಪಡಸಾಲೆಯಲ್ಲಿ ಹೋಳಿಗೆ ಮುರಿಯುತ್ತ ಹೆಣದ ಮಾತು ತೆಗೆಯುತ್ತಿರಲಿಲ್ಲ.

೧೯೫೮ರ ದೀಪಾವಳಿ ಆಗತಾನೆ ಮುಗಿದಿತ್ತು. ಲಗಮಣ್ಣನ ಒಬ್ಬನೇ ಮಗ ಭೀಮರಾಯ ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ಫಿಟ್ಟರ್. ಆಫ್ರಿಕಾದಲ್ಲಿ ಹೊಸದಾಗಿ ಎದ್ದ ಒಂದು ಗಿರಣಿಯವರು ಮೂರು ವರ್ಷದ ಕರಾರಿನ ಮೇಲೆ ಅವನನ್ನು ಕರೆದಿದ್ದರು. ಪಗಾರ ಇಲ್ಲಿಗಿಂತ ಬಹಳ ಹೆಚ್ಚು. ಇನ್ನೆರಡು ದಿನಕ್ಕೆ ಮುಂಬೈಗೆ ಹೋಗಿ ಆಗಬೋಟು ಹತ್ತುವವನು. ಅವನ ಹೆಂಡತಿ ಹುಕ್ಕೇರಿಯ ಹುಡುಗಿ ಗೌರವ್ವ ಆಗ ಬಸುರಿ, ಇನ್ನೂ ಹೊರಗೆ ಯಾರಿಗೂ ಹೇಳಿರಲಿಲ್ಲ.

"ಅಲ್ಲಿ ಸಣ್ಣಪುಟ್ಟ ಜ್ವರ ಬಂದ್ರ ಗಿರಣಿ ಡಾಕ್ಟರ ನೋಡ್ತಾನ್ರಿ," ಅಂದ ಅಣ್ಣಾಸಾಹೇಬ. "ದೊಡ್ಡ ಬ್ಯಾನಿ ಬಂತು, ಕೈಕಾಲ ಮುರೀತು ಅಂದ್ರ ಈ ವಿಮಾ ಬೇಕು. ದವಾಖಾನಿ ಖರ್ಚ ಕೊಡ್ತೈತಿ. ಅಲ್ಲಿ ಗುಣಾ ಆಗಂಗಿಲ್ಲ ಅಂದ್ರ ಆಗಬೋಟಿನ್ಯಾಗ, ಭಾಳ ಜರೂರ ಇದ್ರ ವಿಮಾನದಾಗ, ಮುಂಬೈಕ ತಂದ ಮುಟ್ಟಸ್ತೈತಿ. ಮೊದಲ ವರ್ಷದ ಹಪ್ತಾ ಭೀಮರಾಯ ತುಂಬ್ಯಾನ. ಮುಂದಿನ ಎರಡು ದೀಪಾವಳಿಗೆ ನೀವು ಮನಿಯವ್ರು ತುಂಬಬೇಕು. ಇನ್ನ ದೈವಯೋಗದಿಂದ ಹೆಣಾನ ತರೂದ ಬಂತಂದ್ರ..."

ಒಲೆಯ ಮುಂದಿನಿಂದ ಸವುಟು ಹಾರಿ ಬಂದು ಗೋಡೆಗೆ ಬಡಿಯಿತು. ಅದರ ಹಿಂದೆ ಭೀಮನ ತಾಯಿ ಉದ್ದವ್ವ ಬಂದಳು.

"ಏ ಅಣ್ಣಾಸಾಹೇಬ, ನಿನ್ನ ನಾಲಗಿ ಸೇದಿ ಹೋಗ್ಲಿ! ಊರ ಬಿಟ್ಟ ಹೊಂಟ ಮಗನ ಮುಂದ ಏನ ಮಾತಂತ ಆಡತಿ?"

"ಕಾಗದದಾಗ ಇದ್ದದ್ದ ಹೇಳೇನ್ರಿ ಯವ್ವಾ."

"ಸುಡು ಆ ಕಾಗದಾ! ಬ್ಯಾನಿಗೆ ಮುಂಗಡ ರೊಕ್ಕಾ ಕೊಟ್ಟ ಮನಿಗೆ ಕರದಂಗಾತು ಇದು. ಬಾಯಿ ತೆಗಿ ಮೊದಲ."

ಅವನ ಬಾಯಿಗೆ ಒಂದು ಹೆಂಟೆ ಬೆಲ್ಲ ತುರುಕಿ, 'ಭೀಮ ಸುಖದಿಂದ ಹೋಗಿ ಸುಖದಿಂದ ಬರ್ತಾನ' ಅಂತ ಹೇಳಿಸಿದಳು. ಅಣ್ಣಾಸಾಹೇಬ ಕೋಟು ಹಾಕಿದ ಮನುಷ್ಯ, ಆದರೂ ಹೇಳಿದ. ಒಂದು ಸಲಕ್ಕೆ ಬಿಡಲಿಲ್ಲ, ಮತ್ತೂ ಹೇಳಿಸಿದಳು. ಭೀಮ ನಗುತ್ತ, "ಅವ್ವಾ, ಇಂವಗ ಸಕ್ಕರಿ ರೋಗ ಬಂದ್ರ ಯಾವ ವಿಮಾ ಕೊಡಬೇಕ ಬೇ?" ಅಂದ. ಲಗಮಣ್ಣನಿಗೂ ನಗು ಬಂತು, ಆದರೆ ಹೆಂಡತಿಯ ಮುಖ ನೋಡಿ ನುಂಗಿಕೊಂಡ.

ಮರುದಿನ ಬೆಳಗ್ಗೆ ಉದ್ದವ್ವ ತಲೆಗೆ ನೀರು ಹಾಕಿಕೊಂಡು, ಅರಿಷಿಣ ಹಚ್ಚಿದ ಬಟ್ಟೆಯಲ್ಲಿ ಒಂದು ಬೆಳ್ಳಿ ರೂಪಾಯಿ, ಅರಿಷಿಣ ಕೊಂಬು, ನಾಲ್ಕು ಕಾಳು ಜೋಳ ಇಟ್ಟು ಚಿಂಚಲಿ ಮಾಯವ್ವನ ಹೆಸರಿನಲ್ಲಿ ಮುಡಿಪು ಕಟ್ಟಿದಳು. ದೂರ ಹೋಗುವವರಿಗೆಲ್ಲ ಅವರ ಮನೆತನದಲ್ಲಿ ಹೀಗೆ ಕಟ್ಟುವ ರೂಢಿ. ಹೋದವನು ತಿರುಗಿ ಬಂದು, ಸ್ನಾನ ಮಾಡಿ, ತನ್ನ ಕೈಯಿಂದಲೇ ಅದನ್ನು ಬಿಚ್ಚಿ ದೇವಿಗೆ ಒಪ್ಪಿಸಬೇಕು. ನಡುವೆ ಬೇರೆ ಯಾರಾದರೂ ಬಿಚ್ಚಿದರೆ, ಹೋದವನಿಗೆ ಬರಬೇಕಾದ ಕೇಡೆಲ್ಲ ಬಿಚ್ಚಿದವರಿಗೆ ಬರುತ್ತದೆ. ಇದು ಉದ್ದವ್ವ ಹೊಸದಾಗಿ ಹುಟ್ಟಿಸಿದ ಮಾತಲ್ಲ, ಅವಳ ಅತ್ತೆಯೂ ಹೇಳಿದ್ದಳು, ಅತ್ತೆಯ ಅತ್ತೆಯೂ ಹೇಳಿದ್ದಳಂತೆ. ದೇವರ ಜಗಲಿಯ ಮೇಲಿನ ಗೂಟಕ್ಕೆ ಮುಡಿಪು ತೂಗುಬಿತ್ತು. ಭೀಮ ಹೋದ.

ದುಡಿಯುವವರ ಮನೆಯಲ್ಲಿ ವರ್ಷ ಹೇಗೆ ಹೋಗುತ್ತದೋ ತಿಳಿಯುವುದಿಲ್ಲ. ಗೌರವ್ವ ಹೆರಿಗೆಗೆ ಹುಕ್ಕೇರಿಗೆ ಹೋದಳು. ಕಾರಹುಣ್ಣಿಮೆಗೆ ಹೆಣ್ಣು ಹುಟ್ಟಿತು. ಉದ್ದವ್ವ ಕುಬಸ, ಕರದಂಟು, ಕೊಬ್ಬರಿ ಕಟ್ಟಿಕೊಂಡು ಹೋಗಿ ನೋಡಿ, "ಮೂಗು ಥೇಟ ಭೀಮಂದು, ಬಾಯಿ ಮಾತ್ರ ನನ್ನದ ಆಗ್ಲಿ ಯವ್ವಾ, ಅಂದ್ರ ಯಾರೂ ಕೆಡಸಂಗಿಲ್ಲ," ಅಂತ ಹರಸಿ ಬಂದಳು. ಕೂಸಿಗೆ ಲಗಮಣ್ಣನ ತಾಯಿಯ ಹೆಸರು ಸತ್ತೆವ್ವ ಅಂತ ಇಟ್ಟರು.

ಮುಂದಿನ ದೀಪಾವಳಿ ಹತ್ತಿರ ಬಂದಾಗ ಭೀಮನ ರೊಕ್ಕ ಬಂತು. ಜೊತೆಗೆ, ಇಷ್ಟು ಮನೆಗೆ, ಇಷ್ಟು ವಿಮೆಯ ಹಪ್ತೆಗೆ, ತಡ ಮಾಡದೆ ತುಂಬಿರಿ ಅಂತ ಹೇಳಿಕಳಿಸಿದ್ದ.

"ನಾಳೆ ಗೋಕಾಕಕ್ಕ ಹೋಗಿ ತುಂಬಿ ಬರ್ತೇನಿ," ಅಂದ ಲಗಮಣ್ಣ, ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಳ್ಳುತ್ತ.

"ಯಾರಿಗೆ? ಆ ಕೆಟ್ಟ ನಾಲಗಿಯಾಂವಗ? ಹೋದ ವರ್ಷ ಕೊಟ್ಟದ್ದು ಏನಾತು?"

"ಏನಾತಂದ್ರ? ಭೀಮ ಆರಾಮ ಉಳದ. ರೊಕ್ಕ ಅವ್ರಿಗೆ ಹೋತು."

"ಆರಾಮ ಇಟ್ಟಾಕಿ ಯಾರು? ಅಣ್ಣಾಸಾಹೇಬನೋ, ಚಿಂಚಲಿ ಮಾಯವ್ವನೋ? ಹೇಳ್ರಿ ನೋಡೂನು."

ಇಂಥ ಪ್ರಶ್ನೆಗೆ ಕೊಣ್ಣೂರಿನಲ್ಲಿ ಯಾವ ಗಂಡಸೂ ಉತ್ತರ ಹೇಳಿದ ದಾಖಲೆ ಇಲ್ಲ. ಅಲ್ಲದೆ ಲಗಮಣ್ಣನಿಗೂ ಒಳಗೊಳಗೆ ಹಾಗೇ ಅನ್ನಿಸಿತ್ತು. ಏನೂ ಆಗದಿದ್ದರೆ ತಿರುಗಿ ಬಾರದ ರೊಕ್ಕ ಅದೆಂಥ ರೊಕ್ಕ? ಮುಡಿಪಿನಲ್ಲಿ ಹಾಕಿದರೆ ಮಗ ಬಂದಾಗ ದೇವಿಗಾದರೂ ಮುಟ್ಟುತ್ತದೆ.

"ಮಸಗುಪ್ಪಿ ಹನಮವ್ವಗೂ ನಾನ ಹೇಳೇನಿ," ಅಂದಳು ಉದ್ದವ್ವ. ಹನಮವ್ವ ಅವಳ ತವರೂರು ನಾಗನೂರಿನ ಗೆಳತಿ. ಅವಳ ಮಗ ಕರೆಪ್ಪ ಭೀಮನಿಗಿಂತ ಮೊದಲೇ ಅದೇ ಗಿರಣಿಗೆ ಹೋಗಿದ್ದ. "ಯುಗಾದಿಗೆ ಆಕಿ ಹಪ್ತಾ ಬಂದಿತ್ತು. ಎಲ್ಲಾ ಮುಡಿಪಿನ್ಯಾಗ ಹಾಕು ಅಂದೆ, ಹಾಕ್ಯಾಳ. ಕರೆಪ್ಪ ಏನ ಸೊರಗ್ಯಾನೇನು?"

ಹೀಗೆ ವಿಮೆಯ ರೊಕ್ಕ, ಮೊದಲಿನ ಗಂಟು ಬಿಚ್ಚದೆ, ಅದರ ಸಂದಿಯಿಂದ ಹಳದಿ ಬಟ್ಟೆಯೊಳಗೆ ಹೋಯಿತು. ಉದ್ದವ್ವ ಅದರ ಮೇಲೆ ಎರಡನೇ ಗಂಟು ಹಾಕುವಾಗ ಲಗಮಣ್ಣನೇ ಬಟ್ಟೆಯ ತುದಿ ಹಿಡಿದುಕೊಂಡ.

ಪಾಡ್ಯದ ದಿನ ಗೌರವ್ವ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಬಂದಳು. ಬಾಗಿಲಲ್ಲಿ ನೀರು, ರೊಟ್ಟಿ ನಿವಾಳಿಸಿ ಉದ್ದವ್ವ ಕೂಸನ್ನು ಕಸಿದುಕೊಂಡವಳು ಕತ್ತಲಾಗುವ ತನಕ ಕೆಳಗೆ ಇಳಿಸಲಿಲ್ಲ. ಹಾಲಿಗೆ ಅತ್ತಾಗ ಮಾತ್ರ ತಾಯಿಗೆ ಕೊಡುವಳು, ಕುಡಿದಾದ ಮೇಲೆ, "ಇಲ್ಲಿ ಕೊಡು ನನ್ನ ಅತ್ತೀನ," ಅಂತ ತಿರುಗಿ ತೆಗೆದುಕೊಳ್ಳುವಳು. ಆ ಎರಡು ದಿನ ಆ ಮನೆಯಷ್ಟು ಸುಖದ ಮನೆ ಇರಲಿಲ್ಲ.

ಮೂರನೆಯ ದಿನ ರೊಟ್ಟಿ ಬಡಿಯುತ್ತ ಗೌರವ್ವ ಕೇಳಿದಳು.

"ಅತ್ತಿ, ಹಪ್ತಾ ತುಂಬಿದ್ರಿಲ್ಲೊ?"

ಉದ್ದವ್ವ ಸುಳ್ಳು ಹೇಳುವವಳಲ್ಲ. ಜಗಲಿಯ ಕಡೆ ಗದ್ದ ತೋರಿಸಿದಳು. "ಅಲ್ಲೈತಿ ನೋಡು. ಮಾಯವ್ವನ ಕಡಿ."

ಗೌರವ್ವನ ಕೈಯಲ್ಲಿನ ರೊಟ್ಟಿ ಅರ್ಧಕ್ಕೇ ನಿಂತಿತು. "ಮುಡಿಪಿನ್ಯಾಗ? ಎಲ್ಲಾ?"

"ಎಲ್ಲಾ."

"ಅಯ್ಯ ಅತ್ತಿ, ಎಂಥಾ ಕೆಲಸಾ ಮಾಡಿದ್ರಿ! ಅವರಿಗೆ ಅಲ್ಲಿ ಏನರ ಆದ್ರ ಯಾರ ಕರ್ಕೊಂಡ ಬರಾವ್ರು? ಮಾಯವ್ವ ಆಗಬೋಟ ಹತ್ತಿ ಹೊಕ್ಕಾಳೇನು?"

"ನಾಲಗಿ ಬಿಗಿ ಹಿಡಿ! ಏನರ ಆದ್ರ, ಏನರ ಆದ್ರ! ನೀನೂ ಆ ಅಣ್ಣಾಸಾಹೇಬನ ಸಾಲೀ ಕಲ್ತೀಯೇನು? ಆಗಂಗಿಲ್ಲ ಅಂತ ಕಟ್ಟೇನಿ."

"ಆಗಬಾರ್ದು ಅಂತ ನನಗೂ ಐತ್ರಿ. ನನ್ನ ಗಂಡ ಅವ್ರು."

"ಒಂಬತ್ತ ತಿಂಗಳ ಹೊತ್ತಾಕಿ ನಾನು!"

ತವೆಯ ಮೇಲಿನ ರೊಟ್ಟಿ ಹೊತ್ತಿ ಹೊಗೆ ಎದ್ದಿತು. ಹೊರಗೆ ಕೂತಿದ್ದ ಲಗಮಣ್ಣ, "ಹೊಲಕ್ಕ ನೀರ ಬಿಟ್ಟ ಬಂದಿದ್ನಿ," ಅಂತ ಹೆಗಲಿಗೆ ವಲ್ಲಿ ಹಾಕಿಕೊಂಡು ಎದ್ದ. ನೀರು ಬಿಟ್ಟದ್ದು ಮುನ್ನಾದಿನ.

ಆದರೂ ಗೌರವ್ವ ಮಾವನನ್ನು ಬಿಡಲಿಲ್ಲ. ಅವನನ್ನು ಹೊರಡಿಸಿಕೊಂಡು ಗೋಕಾಕಕ್ಕೆ ಹೋಗಿ ಕೇಳಿಸಿದಳು. ದಿನ ದಾಟಿದರೂ ಒಂದು ತಿಂಗಳ ಸವಲತ್ತು ಇದೆ, ದೀಪಾವಳಿಯ ಮುಂದಿನ ಛಟ್ಟಿ ಅಮಾವಾಸ್ಯೆಯೊಳಗೆ ತುಂಬಿದರೆ ನಡೆಯುತ್ತದೆ, ಆಮೇಲೆ ಬ್ರಹ್ಮ ಬಂದರೂ ಆಗುವುದಿಲ್ಲ ಅಂದ ಅಣ್ಣಾಸಾಹೇಬ. ಬೇರೆ ರೊಕ್ಕ ಎಲ್ಲಿಂದ ತರುವುದು? ಮನೆಗೆಂದು ಬಂದದ್ದು ಹಬ್ಬಕ್ಕೆ ಖರ್ಚಾಗಿತ್ತು. ಕಬ್ಬು ಹೊಲದಲ್ಲೇ ನಿಂತಿತ್ತು, ಬೆಲ್ಲ ಆಗಬೇಕಾದರೆ ಇನ್ನೂ ಎರಡು ತಿಂಗಳು. ಮನೆಗೆ ಬಂದು ಗೌರವ್ವ ಕೊರಳಿನ ಬಂಗಾರದ ಬೋರಮಾಳಕ್ಕೆ ಕೈ ಹಾಕಿದಾಗ ಮಾತ್ರ ಲಗಮಣ್ಣ ಗಟ್ಟಿಯಾಗಿ ಮಾತಾಡಿದ. "ಗಂಡ ಪರದೇಶದಾಗ ಇದ್ದಾಗ ಸೊಸಿ ಕೊರಳ ಬರೇ ಆದ್ರ ಊರ ಮಂದಿ ಏನ ತಿಳ್ಕೊತಾರ? ಅದೊಂದ ಆಗಂಗಿಲ್ಲ."

"ಹಂಗಾದ್ರ ಮುಡಿಪು ಬಿಚ್ರಿ ಮಾವಾರ."

ಲಗಮಣ್ಣನಿಗೆ ಕೆಮ್ಮು ಬಂತು.

"ನೀವು ಬಿಚ್ಚಂಗಿಲ್ಲ, ಅತ್ತಿ ಬಿಚ್ಚಂಗಿಲ್ಲ. ನಾನ ಬಿಚ್ಚತೇನಿ ತಗೋರಿ," ಅಂತ ಗೌರವ್ವ ಜಗಲಿಯ ಕಡೆ ನಡೆದಳು. ಉದ್ದವ್ವ ಅಡ್ಡ ಬಂದು ನಿಂತಳು.

"ಹಾಲ ಕುಡಸಾಕಿ ನೀ. ನಿನಗ ಬಂದದ್ದು ಕೂಸಿಗೆ ಬರ್ತೈತಿ. ಕೈ ಹಚ್ಚಿದ್ರ ನೋಡು."

"ಹಂಗಾದ್ರ ನೀವ ಬಿಚ್ರಿ. ಕಟ್ಟಿದಾಕಿ ನೀವಲ್ಲ?"

ಉದ್ದವ್ವ ಗೂಟದ ಮೇಲಿನ ಗಂಟಿನ ಕಡೆ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಅಂದಳು. "ಖರೆ ಹೇಳ್ತೇನಿ ಗೌರವ್ವಾ, ನನಗ ಅಂಜಿಕಿ ಬರ್ತೈತಿ."

ಆ ಮನೆಯಲ್ಲಿ ಉದ್ದವ್ವ ಅಂಜಿಕೆ ಅಂದದ್ದನ್ನು ಯಾರೂ ಕೇಳಿರಲಿಲ್ಲ. ಗೌರವ್ವ ಒಲೆಯ ಮುಂದೆ ಹೋಗಿ ಕೂತಳು. ಅವತ್ತಿನಿಂದ ಅತ್ತೆ ಸೊಸೆ ಮಾತು ಬಿಟ್ಟರು. ಬೇಕಾದದ್ದನ್ನೆಲ್ಲ ಕೂಸಿನ ಮುಂದೆ ಹೇಳುವರು. "ಸತ್ತೆವ್ವಾ, ನಿಮ್ಮವ್ವಗ ಹೇಳು, ಪುಂಡಿ ಪಲ್ಯಾಕ್ಕ ಉಪ್ಪಿಲ್ಲ." "ಸತ್ತೆವ್ವಾ, ನಿಮ್ಮಾಯಿಗೆ ಹೇಳು, ಉಪ್ಪಿನ ಗಡಗಿ ಅಲ್ಲೇ ಬಾಜೂಕ ಐತಿ." ಕೂಸು ಇಬ್ಬರ ಮುಖವನ್ನೂ ನೋಡಿ ನಗುತ್ತಿತ್ತು. ಇತ್ತ ಅಮಾವಾಸ್ಯೆ ಹತ್ತಿರ ಬರುತ್ತಿತ್ತು.

ಸಂತೆಯಿಂದ ಬಂದ ಲಗಮಣ್ಣ ಒಂದು ಸಂಜೆ ಚೀಲವನ್ನು ಕೈಯಲ್ಲೇ ಹಿಡಿದುಕೊಂಡು ಅಂಗಳದಲ್ಲಿ ನಿಂತುಬಿಟ್ಟ.

"ಮಸಗುಪ್ಪಿ ಮಂದಿ ಭೆಟ್ಟಿ ಆಗಿದ್ರು," ಅಂದ. "ಹನಮವ್ವನ ಮಗ ಕರೆಪ್ಪ ಹೋದನಂತ. ಅಲ್ಲೇ."

ಉದ್ದವ್ವ ಮರುದಿನ ಗಂಡನ ಜೊತೆ ಮಸಗುಪ್ಪಿಗೆ ಮಾತಾಡಿಸಲಿಕ್ಕೆ ಹೋದಳು. ಅಂಗಳದ ತುಂಬ ಹೆಂಗಸರು. ಕರೆಪ್ಪನ ಹೆಂಡತಿ ಸಾತವ್ವ ಗೋಡೆಗೆ ಆತು ಕೂತಿದ್ದಳು, ಅತ್ತು ಅತ್ತು ಅವಳ ದನಿ ಹೋಗಿತ್ತು. ಹನಮವ್ವ ಗೆಳತಿಯನ್ನು ಒಳಗೆ ಕರೆದುಕೊಂಡು ಹೋಗಿ ಕೂರಿಸಿದಳು.

"ಹೊಟ್ಟಿ ಬ್ಯಾನಿ ಬಂದಿತ್ತಂತ ಉದ್ದವ್ವಾ. ಗಿರಣಿ ಡಾಕ್ಟರಿಂದ ಆಗಲಿಲ್ಲಂತ. ಮುಂಬೈಕ ಒಯ್ದು ಕೊಯ್ಸಿದ್ರ ಉಳಿತಾನ ಅಂದಿದ್ರಂತ. ಒಯ್ಯಾವ್ರ ಯಾರು? ವಿಮಾದ ಮುದತ್ತು ಮುಗದೈತಿ ಅಂದ್ರಂತ. ಮಲಗಿ ಮಲಗಿ ಹೋದ. ಸಂಗಾತಿ ಹುಡುಗರು ಅಲ್ಲೇ ಮಣ್ಣ ಮಾಡ್ಯಾರ. ಮಾರಿ ನೋಡಲಿಲ್ಲ ನಾನು, ಒಂದ ಹಿಡಿ ಮಣ್ಣ ಹಾಕಲಿಲ್ಲ."

ಉದ್ದವ್ವ ಅವಳ ಕೈ ಹಿಡಿದುಕೊಂಡು ಅಳುತ್ತಿದ್ದಳು. ಹನಮವ್ವ ಮೇಲೆ ತೊಲೆಯ ಕಡೆ ನೋಡಿದಳು. ಅಲ್ಲಿ ಹಳದಿ ಬಟ್ಟೆಯ ಗಂಟು ತೂಗುತ್ತಿತ್ತು.

"ನೀ ಹೇಳಿದಂಗ ಯುಗಾದಿ ರೊಕ್ಕಾನೂ ಅದರಾಗ ಹಾಕಿದ್ನಿ. ಬಿಚ್ಚಾವ ಅಂತೂ ಇನ್ನ ಬರಂಗಿಲ್ಲ. ದಿನಾ ಕಣ್ಣಿಗೆ ಬೀಳ್ತೈತಿ. ಇದನ್ನೇನ ಮಾಡ್ಲಿ? ನೀ ಹೇಳಿದಾಕಿ, ನೀನ ಹೇಳು."

ಬೈದಿದ್ದರೆ ಉದ್ದವ್ವ ತಡೆದುಕೊಳ್ಳುತ್ತಿದ್ದಳು. ಹನಮವ್ವನ ದನಿಯಲ್ಲಿ ಬೈಗಳ ಇರಲಿಲ್ಲ. ತಿಳಿಯದೆ ಕೇಳಿದ್ದಳು ಅಷ್ಟೇ. ಉದ್ದವ್ವ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೊರಗೆ ಬಂದಳು. ಮನೆಗೆ ಬಂದ ಮೇಲೆ ಅಲ್ಲಿ ಕಂಡದ್ದನ್ನೆಲ್ಲ ಸೊಸೆಗೆ ಹೇಳಿದವನು ಲಗಮಣ್ಣ.

ಅಮಾವಾಸ್ಯೆಯ ಹಿಂದಿನ ದಿನ ಅವಳು ಸ್ನಾನ ಮಾಡಿ ಜಗಲಿಗೆ ಹಣೆ ಹಚ್ಚಿ, ಗೂಟದಿಂದ ಮುಡಿಪು ಇಳಿಸಿ ಸೆರಗಿನಲ್ಲಿ ಕಟ್ಟಿಕೊಂಡಳು.

"ಗೌರವ್ವಾ, ಕೂಸಿನ್ನ ತಗೋ. ಗೋಕಾಕಕ್ಕ ಹೋಗೂನು."

ಮಾತು ಬಿಟ್ಟ ಮೇಲೆ ಸೊಸೆಯ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು. ಲಗಮಣ್ಣನೂ ಹಿಂದೆ ಹೊರಟ.

ಪೇಟೆಯ ಅಟ್ಟದ ಮೇಲಿನ ಕೋಣೆಯಲ್ಲಿ ಅಣ್ಣಾಸಾಹೇಬ ಮೇಜಿನ ಮುಂದೆ ಕೂತಿದ್ದ. ಉದ್ದವ್ವನನ್ನು ನೋಡಿದ ಕೂಡಲೆ ಅವನಿಗೆ ಬೆಲ್ಲದ ನೆನಪಾಗಿರಬೇಕು, ಎದ್ದು ನಿಂತ. ಅವಳು ಮುಡಿಪನ್ನು ಮೇಜಿನ ಮೇಲಿಟ್ಟಳು.

"ಹಪ್ತಾ ಇದರಾಗೈತಿ. ತಗೋ."

ಅಣ್ಣಾಸಾಹೇಬ ಕೈ ಚಾಚಿದವನು ಹಳದಿ ಬಟ್ಟೆ ಗುರುತು ಹತ್ತಿದ ಕೂಡಲೆ ಹಿಂದೆ ತೆಗೆದುಕೊಂಡ. "ಯವ್ವಾ, ಇದು ಮುಡಿಪಲ್ರಿ? ನೀವ ಬಿಚ್ಚಿ ರೊಕ್ಕ ಅಷ್ಟ ಕೊಡ್ರಿ."

"ಯಾಕ? ನೀ ಬಿಚ್ಚು. ಮ್ಯಾಟ್ರಿಕ್ ಆದಾಂವ, ನಿನಗೇನ ಅಂಜಿಕಿ?"

"ನಮ್ಮ ಮನ್ಯಾಗೂ ಮಕ್ಕಳು ಮರಿ ಅದಾವ್ರಿ."

ಯಾರೂ ನಗಲಿಲ್ಲ. ಗೌರವ್ವ ಕೂಸನ್ನು ಮಾವನ ಕೈಗೆ ಕೊಟ್ಟು ಮುಂದೆ ಬಂದಳು. "ಸರೀರಿ ಅತ್ತಿ. ಕರೆಪ್ಪನ ಹೇಂತಿಯಂಗ ಗ್ವಾಡಿಗೆ ಆತ ಕುಂದ್ರಾಕ ನನ್ನಿಂದ ಆಗಂಗಿಲ್ಲ."

"ನೀ ದೂರ ನಿಂದರ!" ಉದ್ದವ್ವ ಸೊಸೆಯ ಎದೆಗೆ ಕೈಯೊತ್ತಿ ಹಿಂದೆ ಸರಿಸಿದಳು.  ಗಂಟು ಬಿಗಿಯಾಗಿತ್ತು, ಬೆರಳಿಗೆ ಬರಲಿಲ್ಲ. ಹಲ್ಲು ಹಚ್ಚಿ ಎಳೆದು ಬಿಚ್ಚಿದಳು.

"ಯವ್ವಾ ಮಾಯವ್ವಾ," ಅಂದಳು, ಕಣ್ಣು ಮುಚ್ಚಿ, ಕೋಣೆಯಲ್ಲಿ ಎಲ್ಲರಿಗೂ ಕೇಳುವಂತೆ. "ಕಟ್ಟಿದಾಕಿ ನಾನು, ಬಿಚ್ಚಿದಾಕಿನೂ ನಾನ. ಏನ ಕೊಡೂದೈತಿ ನನಗ ಕೊಡು. ಮಗನ ಕಡಿ ನೋಡಬ್ಯಾಡ, ಸೊಸಿ ಕಡಿ ನೋಡಬ್ಯಾಡ, ಕೂಸಿನ ಕಡಿ ಅಂತೂ ಹೊಳ್ಳೇ ನೋಡಬ್ಯಾಡ."

ಅಣ್ಣಾಸಾಹೇಬ ಅರಿಷಿಣ ಹತ್ತಿದ ನೋಟುಗಳನ್ನು ಕೈಯಿಂದ ಮುಟ್ಟದೆ ರೂಲುಕಟ್ಟಿಗೆಯಿಂದ ದೂಡಿ ದೂಡಿ ಎಣಿಸಿಕೊಂಡ. ಪಾವತಿ ಬರೆದು ಕೊಟ್ಟ. ಬೆಳ್ಳಿ ರೂಪಾಯಿ, ಕೊಂಬು, ಜೋಳ ಹಾಗೇ ಉಳಿದವು. ಅವನ್ನು ಉದ್ದವ್ವ ಸೆರಗಿಗೆ ಕಟ್ಟಿಕೊಂಡು ಕೆಳಗಿಳಿದಳು. ಗೌರವ್ವನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ದಾರಿಯಲ್ಲಿ ಅತ್ತೆಗೆ ಕೂಸನ್ನು ಕೊಡಹೋದಳು.

"ಬ್ಯಾಡ. ನಿನ್ನ ಕಡೇನ ಇರಲಿ," ಅಂದಳು ಉದ್ದವ್ವ.

ದಣಿದಿರಬೇಕು ಅಂದುಕೊಂಡಳು ಗೌರವ್ವ. ಮರುದಿನವೂ ಎತ್ತಿಕೊಳ್ಳಲಿಲ್ಲ. ವಾರವಾಯಿತು. ಉದ್ದವ್ವ ತನ್ನ ತಾಟು, ತಂಬಿಗೆ ಬೇರೆ ಇಟ್ಟುಕೊಂಡಳು. ಹಾಸಿಗೆಯನ್ನು ಪಡಸಾಲೆಯ ಆ ಮೂಲೆಗೆ ಒಯ್ದಳು. ರೊಟ್ಟಿ ಬಡಿಯುವಳು, ದನದ ಸಗಣಿ ಬಳಿಯುವಳು, ಎಲ್ಲ ಕೆಲಸ ಮಾಡುವಳು, ಕೂಸು ಹತ್ತಿರ ಬಂದರೆ ಮಾತ್ರ ಎದ್ದು ಹೋಗುವಳು. ಕೂಸು ಆಗತಾನೆ ಹೊಟ್ಟೆಯ ಮೇಲೆ ತೆವಳಲಿಕ್ಕೆ ಕಲಿತಿತ್ತು. ಮನೆಯಲ್ಲಿ ಅದಕ್ಕೆ ಬೇಕಾದದ್ದು ಒಂದೇ, ಆಯಿಯ ಮಡಿಲು. ಅದು ತೆವಳುತ್ತ ಬರುವುದು, ಇವಳು ಸೆರಗು ಎಳೆದುಕೊಂಡು ಸರಿಯುವುದು, ಅದು ಚಿಟಿಚಿಟಿ ಚೀರುವುದು. ನೋಡಲಿಕ್ಕೆ ಆಗುತ್ತಿರಲಿಲ್ಲ.

"ಸಿಟ್ಟು ಇನ್ನೂ ಇಳಿದಿಲ್ಲೇನ್ರಿ ಅತ್ತಿ?" ಅಂತ ಒಂದು ದಿನ ಗೌರವ್ವ ಕೇಳಿದಳು.

"ಸಿಟ್ಟೆಲ್ಲಿಂದ ತರಲೇ ಹುಚ್ಚಿ. ನನಗ ಏನ ಬರೂದೈತೋ ಗೊತ್ತಿಲ್ಲ. ಬಂದದ್ದು ಕೂಸಿಗೆ ಹತ್ತಬಾರ್ದು. ಭೀಮ ಬರೂತನಾ ನಾ ಇದನ್ನ ಮುಟ್ಟಂಗಿಲ್ಲ."

"ಎರಡ ವರ್ಷ?"

"ಎರಡ ವರ್ಷ."

ಗೌರವ್ವ ಅವತ್ತು ಸರಿಯಾಗಿ ಉಣ್ಣಲಿಲ್ಲ. ಮುಡಿಪು ಬಿಚ್ಚಿಸಿದವಳು ತಾನೇ ಅಲ್ಲವೇ ಅಂತ ಅವಳಿಗೆ ಅನ್ನಿಸುತ್ತಿತ್ತು. ಅತ್ತೆ ಕೆಮ್ಮಿದರೆ ಅವಳೂ ಈಗ ಕೆಲಸ ಬಿಟ್ಟು ತಿರುಗಿ ನೋಡುತ್ತಿದ್ದಳು. ಅತ್ತೆ ನಂಬಿದ್ದನ್ನು ತಾನು ಎಷ್ಟು ನಂಬುತ್ತೇನೆ ಅನ್ನುವುದು ಅವಳಿಗೇ ಗೊತ್ತಿರಲಿಲ್ಲ.

ಕಬ್ಬು ಕಡಿಯುವ ದಿನಗಳು ಬಂದವು. ಒಂದು ಸಂಜೆ ಉದ್ದವ್ವ ಬಾಗಿಲ ಬಳಿ ಕೂತು ಜೋಳ ಹಸನು ಮಾಡುತ್ತಿದ್ದಳು. ಗೌರವ್ವ ಹಿಟ್ಟು ನಾದುತ್ತಿದ್ದಳು. ಹೊಲದಿಂದ ಬಂದ ಲಗಮಣ್ಣ ಕೈಕಾಲು ತೊಳೆಯುತ್ತಿದ್ದ. ಕೂಸು ಸರಸರ ತೆವಳಿ ಬಂದು ಆಯಿಯ ಮೊಣಕಾಲು ಹಿಡಿಯಿತು. ಉದ್ದವ್ವ ಮೊರ ಬಿಟ್ಟು ಹಿಂದಕ್ಕೆ ಸರಿದಳು. ಹಿಂದೆ ಗೋಡೆ, ಇನ್ನು ಸರಿಯಲಿಕ್ಕೆ ಜಾಗ ಇರಲಿಲ್ಲ.

"ಗೌರವ್ವಾ! ಕೂಸಿನ್ನ ತಗೋ! ಲಗೂ ಬಾ!"

ಗೌರವ್ವ ಎದ್ದು ಬಂದಳು. ಹಿಟ್ಟಿನ ಕೈಯಲ್ಲೇ ಕೂಸನ್ನು ಎತ್ತಿದಳು. ಎತ್ತಿ ಅತ್ತೆಯ ಮಡಿಲಲ್ಲಿ ಇಟ್ಟು, ಅವಳು ಏಳದಂತೆ ಎರಡೂ ಹೆಗಲು ಅದುಮಿ ಹಿಡಿದಳು.

"ಏ, ಏನ ಮಾಡಾಕತ್ತಿ ಹುಡುಗಿ? ಬಿಡು!"

"ಬಿಡಂಗಿಲ್ರಿ. ಬರೂದ ಐತಿ ಅಂದ್ರ ನಿಮ್ಮೊಬ್ರಿಗೇ ಯಾಕ ಬರಬೇಕು? ಅವ್ರು ನಿಮಗಷ್ಟ ಮಗ ಏನ್ರಿ? ನನಗ ಗಂಡ ಅಲ್ಲ? ಬಂದದ್ದನ್ನ ಹಂಚ್ಕೊಂಡ್ರ ಎಲ್ಲಾರಿಗೂ ಹಗುರ ಆಕ್ಕೈತಿ."

"ಕೂಸಿಗ್ಯಾಕ ಪಾಲು? ಅದೇನ ಮಾಡೇತಿ ಪಾಪ?"

"ಅದಕ್ಕೂ ಅಪ್ಪ ಬೇಕಲ್ರಿ ಅತ್ತಿ."

ಉದ್ದವ್ವ ಬಿಡಿಸಿಕೊಳ್ಳಲಿಕ್ಕೆ ನೋಡಿದಳು. ಕೂಸು ಆಗಲೇ ಅವಳ ಕೊರಳಿನ ಗುಂಡಿನ ಸರ ಹಿಡಿದು ಬಾಯಿಗೆ ಇಟ್ಟುಕೊಂಡಿತ್ತು. ಲಗಮಣ್ಣ ಒದ್ದೆ ಕಾಲಿನಲ್ಲಿ ಬಾಗಿಲಲ್ಲಿ ನಿಂತಿದ್ದ. ಇಂಥ ಹೊತ್ತಿಗೆ ಅವನಿಗೆ ಹೊಲದ ನೀರು ನೆನಪಾಗುವುದು ರೂಢಿ. ಇವತ್ತು ಹೋಗಲಿಲ್ಲ. ಒಳಗೆ ಬಂದು, ಹೆಂಡತಿಗೆ ಹತ್ತಿಕೊಂಡು ನೆಲದ ಮೇಲೆ ಕೂತ.

"ಮೂರ ಪಾಲ ಯಾಕ?" ಅಂದ. "ಗಂಟ ಹಾಕುವಾಗ ಬಟ್ಟಿ ಹಿಡದಾಂವ ನಾನೂ ಅದೇನಿ. ನಾಕ ಮಾಡ್ರಿ."

ಉದ್ದವ್ವ ಗಂಡನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. ಆಮೇಲೆ ಕೂಸನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡು ಗಟ್ಟಿಯಾಗಿ ಅಳತೊಡಗಿದಳು.